ಹತ್ತು ದಿನದ ಹೆಸರು

ಕಟ್ಟೆಕೊಪ್ಪಲು, ಕಿಕ್ಕೇರಿ ಹೋಬಳಿ
21-1-1995

ಅಬ್ಬಾ ಅವರಿಗೆ ಕಹಕಶಾನ್ ಮಾಡುವ ಸಲಾಮ್.

ನಾವು ಈ ಊರಿಗೆ ಬಂದು ನಾಲ್ಕು ದಿನವಾಯಿತು. ಮೇಷ್ಟ್ರಾಗಲು ಟಿ.ಸಿ.ಎಚ್. ಓದುವವರು ಮೊದಲ ವರ್ಷ ಒಂದು ಹಳ್ಳಿಯಲ್ಲಿ ಹತ್ತು ದಿನ ಶಿಬಿರ ಮಾಡಬೇಕು ಅಂತ ಹೇಳಿದ್ದೆನಲ್ಲ, ಅದು ಇದೇ. ಹುಡುಗಿಯರೆಲ್ಲ ಶಾಲೆಯ ಕೋಣೆಯಲ್ಲಿ ಮಲಗುತ್ತೇವೆ. ಬೆಳಿಗ್ಗೆ ಚರಂಡಿ ಕೆಲಸ. ಸಂಜೆ ಇಬ್ಬಿಬ್ಬರಿಗೆ ಒಂದೊಂದು ಮನೆ, ಸ್ನಾನ ಊಟವೂ ಅಲ್ಲೇ, ಅಕ್ಷರ ಬಾರದವರಿಗೆ ಹೆಸರು ಬರೆಯುವುದನ್ನು ಕಲಿಸಬೇಕು. ನನಗೂ ಸ್ನೇಹಳಿಗೂ ಚಿಕ್ಕಬೋರಮ್ಮ ಅನ್ನುವ ಅಜ್ಜಿ ಸಿಕ್ಕಿದ್ದಾರೆ. ಅರವತ್ತೆಂಟು ವರ್ಷ ಅಂತೆ. ಮಗ ಕೆಂಪಣ್ಣ, ಸೊಸೆ ಅಣ್ಣಮ್ಮ, ಆರನೇ ಕ್ಲಾಸಿನ ಮೊಮ್ಮಗಳು ಧನುಶ್ರೀ. ಅಜ್ಜಿಯ ಹೆಸರಲ್ಲಿ ಒತ್ತಕ್ಷರ ಎರಡಿವೆ, 'ಬೋ'ಗೆ ದೀರ್ಘ ಬೇರೆ. 'ನಮ್ಮವ್ವ ಸಣ್ಣದೊಂದು ಹೆಸರು ಇಕ್ಕಿದ್ರೆ ನಿಂಗೆ ಈಟೊಂದು ಪಾಡು ತಪ್ತಿತ್ತು' ಅಂತ ನಗುತ್ತಾರೆ.

ಅಬ್ಬಾ, ನಿಮಗೆ ಒಂದು ವಿಷಯ ಹೇಳಬೇಕು. ಬಸ್ಸು ಇಳಿಯುವ ಮುಂಚೆ, ಶಿಬಿರಕ್ಕೆ ಕರೆತಂದ ನಮ್ಮ ಮಹದೇವಸ್ವಾಮಿ ಸರ್ ನನ್ನನ್ನು ಪಕ್ಕಕ್ಕೆ ಕರೆದರು. 'ಹೆಸರು ಕೇಳಿದ್ರೆ ಕವಿತಾ ಅಂದ್ಬಿಡಮ್ಮ. ಹತ್ತು ದಿನದ ಮಾತು. ಈ ಊರಲ್ಲಿ ನಿಮ್ಮವರ ಮನೆ ಒಂದೂ ಇಲ್ಲ, ಯಾರು ಏನಂತಾರೋ ಗೊತ್ತಿಲ್ಲ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು' ಅಂದರು. ಅವರು ಕೆಟ್ಟವರಲ್ಲ ಅಬ್ಬಾ. ನನಗೆ ಹಾಸ್ಟೆಲಿನಲ್ಲಿ ಸೀಟು ಕೊಡಿಸಿದವರೇ ಅವರು. ನಾನು ತಲೆ ಆಡಿಸಿದೆ. ಎಲ್ಲರಿಗೂ ಒಂದೇ ಬಣ್ಣದ ಯೂನಿಫಾರ್ಮ್ ಸೀರೆ, ಯಾರಿಗೂ ಏನೂ ಗೊತ್ತಾಗಲಿಲ್ಲ.

ಎರಡನೇ ದಿನ ಅಜ್ಜಿ ನನ್ನ ಹಣೆ ನೋಡಿದರು. 'ಎಣ್ಣುಮಕ್ಕಳು ಬರಿ ಅಣೇಲಿ ಇರಬಾರ್ದು ಕಣವ್ವ. ನಾನು ಇಕ್ಕಂಗಿಲ್ಲ. ಅಣ್ಣಮ್ಮ, ನೀನಿಕ್ಕು' ಅಂದರು. ಅಣ್ಣಮ್ಮ ಕುಂಕುಮ ಇಟ್ಟರು. ಆಮೇಲೆ ಅಜ್ಜಿ ನನ್ನ ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ ಜಡೆ ಹಾಕಿದರು. ಎದ್ದು ಹೇಳಿಬಿಡೋಣ ಅನ್ನಿಸಿತು, ಹೇಳಲಿಲ್ಲ.

ಅಮ್ಮಿಗೆ ನನ್ನ ಸಲಾಮ್. ಇದನ್ನು ಅವರಿಗೆ ಓದಿ ಹೇಳುವುದು ಬಿಡುವುದು ನಿಮಗೆ ಬಿಟ್ಟಿದ್ದು.

ನಿಮ್ಮ ಮಗಳು
ಕಹಕಶಾನ್


ಶ್ರೀರಂಗಪಟ್ಟಣ
30-1-1995

ಬೇಟಿ ಕಹಕಶಾನ್‌ಗೆ ಅಬ್ಬಾನ ದುವಾ.

ನಿನ್ನ ಕಾಗದ ಅಂಗಡೀಲೇ ಓದಿ ಜೇಬಿಗೆ ಹಾಕ್ಕೊಂಡೆ. ಮನೇಲಿ ತೆಗೆದ್ರೆ ನಿಮ್ಮಮ್ಮಿ ಗಟ್ಟಿಯಾಗಿ ಓದಿ ಅಂತಾಳೆ. ಶಿಬಿರ ಚೆನ್ನಾಗಿ ನಡೀತಂತೆ, ಅವರೆಕಾಳು ಸಾರು ಉಂಡಳಂತೆ ಅಂತ ಹೇಳಿದೆ. ನೀನು ಬರೆದಿರಲಿಲ್ಲ. ಜನವರೀಲಿ ಹಳ್ಳೀಲಿ ಇನ್ನೇನು ಮಾಡಿರ್ತಾರೆ ಅಂತ ನಾನೇ ಸೇರಿಸಿದೆ.

ನಿನ್ನ ಬೈಯೋಣ ಅಂದ್ರೆ ನನಗೆ ಬಾಯಿಲ್ಲ. ಈ ಅಂಗಡಿ ತೆಗೆದಾಗ ಬೋರ್ಡು ಬರೆಯೋನು 'ಹೆಸರೇನು ಹಾಕ್ಲಿ ಭಾಯ್' ಅಂದ. 'ಹೆಸರು ಬೇಡ, ಮೋಟಾರ್ ರಿಪೇರಿ ಅಂತ ಹಾಕು ಸಾಕು' ಅಂದೆ. ಸುತ್ತಮುತ್ತಲ ಹಳ್ಳಿಯೋರು ಪಂಪ್‌ಸೆಟ್ಟು ತರ್ತಾರೆ, ಹೆಸರು ನೋಡಿ ಮುಂದಿನ ಅಂಗಡಿಗೆ ಹೋದ್ರೆ ಅಂತ ಹೆದರಿಕೆ. ನಿಮ್ಮಮ್ಮಿ ಕೇಳಿದಾಗ ಜಾಗ ಸಾಲಲಿಲ್ಲ ಅಂದೆ.

ಆದ್ರೆ ಬೇಟಿ, ಬೋರ್ಡಿಗೆ ಯಾರೂ ತಲೆ ಬಾಚಲ್ಲ. ನಿಂಗೆ ಆಯಮ್ಮ ಬಾಚಿದ್ದಾಳೆ. ಅದನ್ನ ಹೆಂಗೆ ಸರಿ ಮಾಡ್ತೀಯೋ ನನಗೆ ತಿಳಿಯಲ್ಲ. ನೀನು ನನಗಿಂತ ಓದಿದೋಳು.

ಚಾಂದ್ ಕಂಡ್ರೆ ನಾಡಿದ್ದಿಂದ ರಂಜಾನ್ ರೋಜಾ. ಹಾಸ್ಟೆಲಲ್ಲಿ ಬೆಳಗಿನ ಜಾವ ಸಹ್ರಿಗೆ ಏನು ಮಾಡ್ಕೋತೀಯ ಅಂತ ಅಮ್ಮಿ ಕೇಳ್ತಾ ಅವಳೆ. ಖರ್ಜೂರ, ಬನ್ನು ಕಳಿಸ್ತೀನಿ.

ನಿನ್ನ ಅಬ್ಬಾ
ಶಫೀವುಲ್ಲಾ


ಕಟ್ಟೆಕೊಪ್ಪಲು
5-3-1995

ಪ್ರೀತಿಯ ಕವಿತಾ ಅಕ್ಕನವರಿಗೆ ಧನುಶ್ರೀ ಮಾಡುವ ನಮಸ್ಕಾರಗಳು. ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯುವುದು. ಇಲ್ಲಿಂದ ಮುಂದೆ ಅಜ್ಜಿ ಹೇಳಿದಂಗೆ ಬರೀತೀನಿ. ತಪ್ಪಿದ್ರೆ ಅಜ್ಜಿದು.

ಕವಿತವ್ವ, ಚೆಂದಾಗಿದ್ದೀಯಾ. ನೀವು ಒಂಟೋದ ಮೇಲೆ ನಮ್ಮ ಜಗಲಿ ಬಿಕೋ ಅಂತದೆ. ಮೊನ್ನೆ ಸೊಸೈಟೀಲಿ ಗೊಬ್ಬರಕ್ಕೆ ರುಜು ಆಕು ಅಂದ್ರು. ನನ್ನ ಕಂಡೇಟ್ಗೆ ಎಬ್ಬೆಟ್ಟಿನ ಮಸಿ ಡಬ್ಬಿ ಮುಂದುಕ್ಕೆ ತಳ್ಳುದ. ಅದನ್ನ ಅತ್ಲಾಗಿ ಮಡಗಿ ಪೆನ್ನು ಕೊಡಪ್ಪ ಅಂದೆ. ಬರೆಯೋಕೆ ಒಸಿ ಒತ್ತು ಇಡೀತು. ಇಂದೆ ನಿಂತಿದ್ದೋರು ಗೊಣಗುದ್ರು, ಗೊಣಗ್ಲಿ ಅಂದೆ. 'ಬೋ'ಗೆ ದೀರ್ಘ ಮರೆತೋಗಿತ್ತು, ಮನೆ ತಂಕ ಬಂದೋಳು ತಿರುಗಿ ಓಗಿ ಆಕಿ ಬಂದೆ.

ಇನ್ನೊಂದು ಇಚಾರ. ನನ್ನ ತಮ್ಮ ಚಲುವಯ್ಯನ ಮೊಮ್ಮಗ ಪಾಂಡವಪುರದ ತಾವ ಮೇಷ್ಟ್ರಾಗವ್ನೆ. ಚಲುವರಾಜು ಅಂತ. ಬೀಡಿ ಸೈತ ಸೇದಕ್ಕಿಲ್ಲ. ನಿಂಗೂ ಅದೇ ಕೆಲಸ ಆಯ್ತದಲ್ಲ, ಜೋಡಿ ಚೆಂದಾಗದೆ ಅಂತ ಎಲ್ಲಾರ ಕೂಡೆ ಅಂದಿದ್ದೀನಿ. ನಿಮ್ಮದು ಯಾವ ಕುಲ, ಮನೆದೇವ್ರು ಯಾವುದು, ನಿಮ್ಮಪ್ಪ ಏನ್ ಮಾಡ್ತಾರೆ, ಎಲ್ಲಾನು ಬರಿ. ಯುಗಾದಿಗೆ ನಿಮ್ಮವ್ವನ್ನ ಕರ್ಕೊಂಡು ಬಾ. ನಾವು ನಾವು ಕೂತು ಮಾತಾಡ್ಕೋತೀವಿ.

ಅಜ್ಜಿ ಇಲ್ಲಿಗೆ ಮುಗಿಸು ಅಂತು. ನಾನೊಂದು ಬರೀತೀನಿ. ಅಜ್ಜಿ ದಿನಾ ಸ್ಲೇಟಿನ ಮೇಲೆ ಅದರ ಹೆಸರು ಬರೆದು ಕೆಳಗೆ ನಿಮ್ಮ ಹೆಸರು ಬರೆಸ್ಕೋತದೆ. ಕ, ವಿ, ತಾ. ಸುಲಭವಾಗದೆ ಅಂತದೆ.

ಇಂತಿ
ಚಿಕ್ಕಬೋರಮ್ಮ (ಅಜ್ಜಿಯೇ ಬರೆದದ್ದು)
ಧನುಶ್ರೀ, 6ನೇ ತರಗತಿ


ಕೆ.ಆರ್.ಪೇಟೆ
12-3-1995

ಅಬ್ಬಾ ಅವರಿಗೆ ಸಲಾಮ್.

ಈದ್ ಮುಗಿಸಿಕೊಂಡು ಹಾಸ್ಟೆಲಿಗೆ ಬಂದ ದಿನವೇ ಆ ಅಜ್ಜಿಯ ಕಾಗದ ಸಿಕ್ಕಿತು, ಕವಿತಾ ಅಂತ ಇದ್ದದ್ದನ್ನು ಸ್ನೇಹ ಎತ್ತಿಟ್ಟಿದ್ದಳು. ಇದರ ಜೊತೆ ಇಟ್ಟಿದ್ದೇನೆ, ಓದಿ. ಸ್ನೇಹ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. 'ನಮ್ಮದು ಬೇರೆ ಜಾತಿ, ಆಗಲ್ಲ ಅಂತ ಬರೆದುಬಿಡು, ಅಷ್ಟಕ್ಕೇ ಮುಗೀತದೆ' ಅಂತ ಅವಳ ಸಲಹೆ. ನಾಗಮಂಗಲದ ಕಡೆಯವಳು, ಹಳ್ಳಿಯ ಮನಸ್ಸು ಅವಳಿಗೆ ನನಗಿಂತ ಗೊತ್ತು. ಸುಳ್ಳೂ ಅಲ್ಲ ಅದು. ಆದರೆ ಒಂದು ಸುಳ್ಳಿನ ಕೆಳಗೆ ಒಂದು ನಿಜ ಬರೆದರೆ ಸುಳ್ಳು ಹೋಗುತ್ತದೆಯೇ?

ಹೋದ ವಾರ ನಮಗೆಲ್ಲ 'ಭಾವೈಕ್ಯ' ಅಂತ ಚಾರ್ಟು ಮಾಡಲು ಕೊಟ್ಟಿದ್ದರು. ಮುಂದೆ ಮಕ್ಕಳಿಗೆ ಪಾಠ ಮಾಡುವಾಗ ಗೋಡೆಗೆ ಹಾಕುವುದಕ್ಕೆ. ನಾನು ಐದು ಮಕ್ಕಳು ಕೈ ಹಿಡಿದು ನಿಂತ ಹಾಗೆ ಬರೆದೆ. ಟೋಪಿ ಹಾಕಿದ ಹುಡುಗನನ್ನು ನಡುವೆ ನಿಲ್ಲಿಸಿದೆ. ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು ಬಂತು. ಮಹದೇವಸ್ವಾಮಿ ಸರ್ ಅದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದ ನನಗೆ, ಆ ಹುಡುಗನಿಗೂ ಸರ್ ಯಾವುದಾದರೂ ಬೇರೆ ಹೆಸರು ಹೇಳಿಕೊಟ್ಟಿರಬಹುದು ಅನ್ನಿಸಿತು.

ಸಂಜೆ ಸ್ಟಾಫ್ ರೂಮಿಗೆ ಹೋಗಿ ಅಜ್ಜಿಗೆ ನಿಜ ಬರೆಯುತ್ತೇನೆ ಅಂದೆ. ಸರ್ ಪೆನ್ನು ಕೆಳಗಿಟ್ಟರು. 'ಶಿಬಿರ ಚೆನ್ನಾಗಿ ಮುಗಿದಿದೆ. ಈಗ ಯಾಕಮ್ಮ' ಅಂದರು. 'ಅವರು ಹೆಣ್ಣು ಕೇಳ್ತಾ ಇದ್ದಾರೆ ಸರ್' ಅಂದೆ. ಅವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ನಾನು ಬರೆಯುತ್ತೇನೆ ಅಬ್ಬಾ. ಬೇಡ ಅನ್ನಬೇಡಿ.

ನಿಮ್ಮ
ಕಹಕಶಾನ್


ಕೆ.ಆರ್.ಪೇಟೆ
20-3-1995

ಅಜ್ಜಿಗೆ ನಮಸ್ಕಾರಗಳು.

ಧನುಶ್ರೀ, ಇದನ್ನು ನಿಧಾನವಾಗಿ ಓದಿ ಹೇಳು.

ಅಜ್ಜಿ, ನನ್ನ ಹೆಸರು ಕವಿತಾ ಅಲ್ಲ, ಕಹಕಶಾನ್. ನಾವು ಮುಸ್ಲಿಮರು. ನಮ್ಮ ತಂದೆ ಶಫೀವುಲ್ಲಾ, ಶ್ರೀರಂಗಪಟ್ಟಣದಲ್ಲಿ ಪಂಪ್‌ಸೆಟ್ ಮೋಟಾರ್ ರಿಪೇರಿ ಮಾಡುತ್ತಾರೆ. ತಾಯಿ ಹಫೀಜಾ. ನಮ್ಮ ಮನೆಯ ವಿಳಾಸ ಈ ಕಾಗದದ ಹಿಂದೆ ಬರೆದಿದ್ದೇನೆ.

ಶಿಬಿರಕ್ಕೆ ಬಂದಾಗ ತೊಂದರೆ ಆಗದಿರಲಿ ಅಂತ ಬೇರೆ ಹೆಸರು ಹೇಳಿದೆ. ಹೇಳು ಅಂದವರು ಬೇರೆಯವರು. ಆದರೆ ಹೇಳಿದ ಬಾಯಿ ನನ್ನದೇ. ನಿಮ್ಮ ಅಡುಗೆಮನೆಗೆ ಬಂದೆ, ನಿಮ್ಮ ಜೊತೆ ಮುದ್ದೆ ಕಟ್ಟಿದೆ, ನಿಮ್ಮ ತಟ್ಟೆಯಲ್ಲೇ ಉಂಡೆ. ನಮ್ಮವರನ್ನು ಅಡುಗೆಮನೆಗೆ ಬಿಟ್ಟುಕೊಳ್ಳುವುದು ಬಿಡುವುದು ನಿಮಗೆ ಸೇರಿದ್ದು. ಅದನ್ನು ನೀವು ತೀರ್ಮಾನ ಮಾಡಲು ನಾನು ಬಿಡಲಿಲ್ಲ. ಅಣ್ಣಮ್ಮಕ್ಕ ಕುಂಕುಮ ಇಟ್ಟಾಗಲೂ ಸುಮ್ಮನಿದ್ದೆ.

ನೀವು ತಲೆ ಬಾಚಿದ್ದು, ಉಣ್ಣು ಉಣ್ಣು ಅಂತ ಬಡಿಸಿದ್ದು ಕವಿತಾಳಿಗೆ. ಅದನ್ನೆಲ್ಲ ತೆಗೆದುಕೊಂಡವಳು ನಾನು. ಕದ್ದ ಹಾಗೆ ಅನ್ನಿಸುತ್ತಿದೆ. ಚಲುವರಾಜು ಅವರಿಗೆ ಒಳ್ಳೆಯ ಹುಡುಗಿ ಸಿಗಲಿ.

ನಿಮಗೆ ಕೋಪ ಬಂದರೆ ಬೈದು ಬರೆಯಿರಿ. ಬರೆಯದೇ ಮಾತ್ರ ಇರಬೇಡಿ.

ಇಂತಿ
ಕಹಕಶಾನ್


ಶ್ರೀರಂಗಪಟ್ಟಣ
7-5-1995

ಬೇಟಿ ಕಹಕಶಾನ್‌ಗೆ ದುವಾ.

ಪರೀಕ್ಷೆ ಹೆಂಗೆ ಮಾಡಿದೆ. ಇನ್ನೂ ಕಾಗದ ಬರಲಿಲ್ಲ ಅಂತ ಬರೆದಿದ್ದೀಯ. ಬರದೇ ಇರೋದೂ ಒಂದು ಜವಾಬೇ ಅಂತ ನಾನು ಅಂದ್ಕೊಂಡಿದ್ದೀನಿ. ನೀನು ಹಂಗೆ ಅಂದ್ಕೋಬೇಡ, ನಿಂಗಿನ್ನೂ ಹತ್ತೊಂಬತ್ತು.

ನಿಮ್ಮಮ್ಮಿಗೆ ಗೊತ್ತಾಯ್ತು. ಜೇಬಿಂದ ಜೇಬಿಗೆ ಹಾಕ್ಕೊಂಡು ಓಡಾಡ್ತಿದ್ದ ನಿನ್ನ ಶಿಬಿರದ ಕಾಗದ ಅಂಗಿ ಒಗೆಯೋವಾಗ ಸಿಕ್ತು. ಅವಳಿಗೆ ಕನ್ನಡ ಓದೋಕೆ ಬರಲ್ವಲ್ಲ, ಪಕ್ಕದ ಮನೆ ಶೋಯಬ್‌ನ ಕರೆದು ಓದಿಸಿದ್ದಾಳೆ. ನಾನು ಅಂಗಡಿಯಿಂದ ಬಂದಾಗ ಅನ್ನ ಬಡಿಸಿದಳು. ಉಂಡು ಕೈ ತೊಳೆದ ಮೇಲೆ ಕೇಳಿದಳು, 'ಆ ಹೆಸರು ಇಟ್ಟೋಳು ನಾನು. ಬೇಡ ಅಂದಿದ್ರೆ ವಾಪಸ್ ಕೊಡಬಹುದಿತ್ತಲ್ಲ. ಹಳ್ಳಿಲಿ ಬಿಸಾಕಿ ಬಂದಳಾ' ಅಂತ.

ನೀನು ನಿಜ ಬರೆದಿದ್ದೂ ಹೇಳಿದೆ. 'ಬರೆದು ಏನ್ ಸಿಕ್ತು. ಜವಾಬೂ ಇಲ್ಲ. ಇನ್ಮೇಲೆ ಆ ಊರಿನ ಮಾತು ಈ ಮನೇಲಿ ಬೇಡ' ಅಂದಳು. ಅವಳ ಸಿಟ್ಟು ನಿನ್ನ ಮೇಲೆ ಅಲ್ಲ ಅಂತ ನಾನು ಹೇಳಬಹುದು. ನಿನ್ನ ಮೇಲೂ ಅದೆ.

ರಜಕ್ಕೆ ಬಂದಾಗ ಮೊದಲು ಅವಳ ಹತ್ರ ಹೋಗಿ ಕೂತ್ಕೋ.

ನಿನ್ನ ಅಬ್ಬಾ
ಶಫೀವುಲ್ಲಾ


ಕಟ್ಟೆಕೊಪ್ಪಲು
18-6-1995

ಅಕ್ಕನಿಗೆ ಧನುಶ್ರೀ ಮಾಡುವ ನಮಸ್ಕಾರಗಳು.

ಯಾವ ಹೆಸರು ಹಾಕಬೇಕು ಅಂತ ಗೊತ್ತಾಗದೆ ಬರೀ ಅಕ್ಕ ಅಂತ ಹಾಕಿದೀನಿ. ಈ ಕಾಗದ ಅಪ್ಪನಿಗೆ ಗೊತ್ತಿಲ್ಲ. ಅವ್ವನಿಗೆ ಗೊತ್ತು. ಸಂತೆ ದಿನ ಕಿಕ್ಕೇರಿಲಿ ಅವ್ವನೇ ಇನ್‌ಲ್ಯಾಂಡ್ ಕಾಗದ ತಂದುಕೊಡ್ತು.

ನಿಮ್ಮ ಕಾಗದ ಬಂದಾಗ ನಾನೇ ಓದಿದ್ದು. ಜಗಲಿ ಮೇಲೆ ಎಲ್ಲಾರೂ ಇದ್ರು. ಚಲುವಯ್ಯ ತಾತ ಕುಲ ಏನು ಬರೆದವ್ರೆ ಕೇಳಾಣ ಅಂತ ಬಂದಿತ್ತು. ನಾನು ಗಟ್ಟಿಯಾಗಿ ಓದ್ತಾ ಓದ್ತಾ ನಾವು ಮುಸ್ಲಿಮರು ಅಂತ ಓದ್ಬುಟ್ಟೆ. ಓದಿದ ಮೇಲೆ ಗೊತ್ತಾಯ್ತು. ಅಪ್ಪ ಕಾಗದ ಕಿತ್ಕೊಂಡು ಹರಿದಾಕ್ತು. ಚಲುವಯ್ಯ ತಾತ ಎದ್ದು ಹೋಯ್ತು. ಅಜ್ಜಿ ನಿಮ್ಮ ವಿಳಾಸ ಇದ್ದ ಚೂರು ಮಾತ್ರ ಎತ್ತಿ ಸೆರಗಿಗೆ ಗಂಟು ಹಾಕ್ಕೊಂಡ್ತು. ನಾನು ನೋಡಿದೀನಿ.

ಮಾರನೆ ದಿನ ಅಜ್ಜಿ ಅಡುಗೆಮನೆ ಪಾತ್ರೆ ಎಲ್ಲ ಹೊರಗೆ ಹಾಕಿ ಹುಣಸೆಹಣ್ಣು ಬೂದಿ ಹಾಕಿ ತಿಕ್ತು. ಮನೆ ಸಾರಿಸ್ತು. ಎರಡು ತಿಂಗಳಾಯ್ತಲ್ಲ ಅಜ್ಜಿ, ಇಷ್ಟು ದಿನ ಎಷ್ಟೋ ಸಲ ತೊಳೆದಿದ್ದೀವಲ್ಲ ಅಂದೆ. ಮುಚ್ಕೊಂಡು ಓಗು ಅಂತು. ಈಗ ಸ್ಲೇಟು ಮುಟ್ಟಲ್ಲ.

ಅಕ್ಕ, ನಿಮ್ಮನ್ನ ಕೆಲವು ಕೇಳಬೇಕು. ನೀವು ನಮ್ಮಂಗೇ ಇದ್ರಲ್ಲ, ಎಲ್ಲಿ ಬೇರೆ? ನಮ್ಮ ಕ್ಲಾಸಿನ ಹುಡುಗ್ರು ಸಾಬರು ಸ್ನಾನ ಮಾಡಲ್ಲ ಅಂತಾರೆ. ನೀವು ದಿನಾ ಮಾಡ್ತಿದ್ರಿ, ನಾನೇ ನೀರು ಸೇದಿ ಕೊಟ್ಟಿದ್ದೆ. ಅದನ್ನ ಹೇಳಿದ್ದಕ್ಕೆ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ನಿಮ್ಮ ಹೆಸರಿಗೆ ಅರ್ಥ ಏನು? ಶಾಲೆ ವಿಳಾಸಕ್ಕೆ ಬರೀರಿ.

ಇಂತಿ
ಧನುಶ್ರೀ, 7ನೇ ತರಗತಿ


ಕೆ.ಆರ್.ಪೇಟೆ
2-7-1995

ಪ್ರೀತಿಯ ಧನುಶ್ರೀಗೆ,

ನೀನು ಕೇಳಿದ್ದಕ್ಕೆಲ್ಲ ಉತ್ತರ ಬರೆಯುತ್ತೇನೆ.

ಎಲ್ಲಿ ಬೇರೆ ಅಂದೆಯಲ್ಲ. ಬೇರೆ ಇದೆ ಧನು, ಇಲ್ಲ ಅಂತ ನಿನಗೆ ಹೇಳಲಾರೆ. ನಾವು ದಿನಕ್ಕೆ ಐದು ಸಲ ನಮಾಜು ಮಾಡುತ್ತೇವೆ. ಶಿಬಿರದಲ್ಲಿ ನಾನು ಮಾಡಲಿಲ್ಲ, ಮಾಡಿದರೆ ಗೊತ್ತಾಗಿಬಿಡುತ್ತಿತ್ತು. ರಂಜಾನ್ ತಿಂಗಳು ಹಗಲೆಲ್ಲ ನೀರೂ ಕುಡಿಯುವುದಿಲ್ಲ. ಮನೆಯಲ್ಲಿ ಆಡುವ ಮಾತು ಬೇರೆ. ನಿಮ್ಮ ಮನೆಯಲ್ಲಿ ಕುಂಕುಮ ಇಡುತ್ತಾರೆ, ನಮ್ಮಲ್ಲಿ ಇಲ್ಲ. ನಮ್ಮಮ್ಮಿಗೆ ಮುದ್ದೆ ಕಟ್ಟಲು ಬರುವುದಿಲ್ಲ. ಅಜ್ಜಿ ಹೇಳಿಕೊಟ್ಟ ಹಾಗೆ ರಜದಲ್ಲಿ ಮಾಡಿ ತೋರಿಸಲು ಹೋಗಿ ನಾನೂ ಗಂಟು ಮಾಡಿದೆ. ಸ್ನಾನ ಎಲ್ಲರೂ ಮಾಡುತ್ತಾರೆ. ನಿಮ್ಮ ಕ್ಲಾಸಿನ ಹುಡುಗರ ಮೇಲೆ ಸಿಟ್ಟು ಮಾಡಬೇಡ. ಅವರಿಗೆ ನನ್ನಂಥವರು ಯಾರೂ ಗೊತ್ತಿಲ್ಲ. ನಾನು ನಿಮ್ಮೂರಲ್ಲಿ ಹತ್ತು ದಿನ ಇದ್ದೆ. ನನ್ನ ಹೆಸರಲ್ಲಿ ಇದ್ದಿದ್ದರೆ ಅವರಿಗೂ ಒಬ್ಬಳು ಗೊತ್ತಿರುತ್ತಿದ್ದಳು. ಅದನ್ನು ಯೋಚಿಸಿದಾಗ ನನಗೆ ಹೆಚ್ಚು ನೋವಾಗುತ್ತದೆ.

ನನ್ನ ಹೆಸರಿನ ಅರ್ಥ ನಮ್ಮಮ್ಮಿ ಹೇಳಿದರೇ ಚೆನ್ನ. ನಾನು ಹೇಳಿದರೆ ಜಂಬ ಅನ್ನಿಸುತ್ತದೆ.

ಮಹದೇವಸ್ವಾಮಿ ಸರ್ ನಿಮ್ಮಪ್ಪನಿಗೆ ಕಾರ್ಡು ಬರೆದಿದ್ದಾರಂತೆ, 'ತಪ್ಪು ನನ್ನದು, ಹುಡುಗಿಯದಲ್ಲ' ಅಂತ. ಅದು ಬಂದಿದೆಯೋ ಇಲ್ಲವೋ ನಾನು ಕೇಳುವುದಿಲ್ಲ. ಅಪ್ಪನಿಗೆ ತಿಳಿಯದ ಹಾಗೆ ಇನ್ನು ಬರೆಯಬೇಡ. ಒಂದು ಸಲ ಮುಚ್ಚಿಟ್ಟು ನೋಡಿದ್ದೇನೆ, ಸಾಕು.

ಅಜ್ಜಿ ಪಾತ್ರೆ ತೊಳೆದದ್ದಕ್ಕೆ ನೀನು ಅವರನ್ನು ಏನೂ ಅನ್ನಬೇಡ.

ನಿನ್ನ ಅಕ್ಕ
ಕಹಕಶಾನ್


ಕಟ್ಟೆಕೊಪ್ಪಲು
13-8-1995

ಅಕ್ಕನಿಗೆ ನಮಸ್ಕಾರ. ಈ ಸಲ ಅಪ್ಪನ ಮುಂದೆಯೇ ಬರೀತಿದ್ದೀನಿ. ಅಜ್ಜಿ ಅಪ್ಪನ್ನ ಎದುರಿಗೆ ಕೂರಿಸಿ 'ನೀನು ಅರಿದಾಕ್ದೆ, ಈಗ ನಾನು ಬರೆಸ್ತೀನಿ, ನೋಡ್ಕಂಡು ಕೂತ್ಕೋ' ಅಂತು. ಅಪ್ಪ ಹಲ್ಲು ಕಚ್ಕೊಂಡು ಕೂತದೆ. ಇನ್ಮುಂದೆ ಅಜ್ಜಿ ಮಾತು.

ಮಗ, ನಿನ್ನ ಎಸ್ರು ನನ್ನ ನಾಲಿಗೆಗೆ ಬರಕ್ಕಿಲ್ಲ, ಅದಕ್ಕೇ ಮಗ ಅಂತೀನಿ.

ಪಾತ್ರೆ ತೊಳ್ದೆ ಅಂತ ಈ ಮುಂಡೇದು ಬರೆದದೆ ಅಂತ ತಿಳೀತು. ಊಂ ಕಣವ್ವ, ತೊಳ್ದೆ. ಸುಳ್ಯಾಕೇಳ್ಲಿ. ನಮ್ಮತ್ತೆ ತೊಳೀತಿದ್ಲು, ಅವಳತ್ತೆ ತೊಳೀತಿದ್ಲು, ಕೈ ತಾನೇ ಓಯ್ತು. ನಿನ್ನ ತಟ್ಟೆ ಕೈಗೆ ಬಂತು. ಅಂಚು ಸೊಟ್ಟಗಿರೋ ತಟ್ಟೆ, ನಿಂಗೆ ಅದ್ರಾಗೇ ಇಕ್ತಿದ್ದುದು. ಅದನ್ನ ಎರಡು ಸಲ ತಿಕ್ದೆ. ಮೂರನೇ ಸಲ ಬೂದಿ ತಕ್ಕೊಂಡೋಳು, ಏನು ಓಗ್ಲಿ ಅಂತ ತಿಕ್ತಾ ಇದ್ದೀನಿ ಅಂತ ನಂಗೇ ತಿಳೀಲಿಲ್ಲ. ಅಲ್ಲೇ ಕಲ್ಲ ಮೇಲೆ ಕೂತ್ಕಂಡೆ. ಅಣ್ಣಮ್ಮ ಬಂದು ಅಳ್ತಿದ್ದೀಯಾ ಅತ್ತೆ ಅಂದ್ಲು. ಬೂದಿ ಕಣ್ಣಿಗೆ ಬಿತ್ತು ಅಂದೆ.

ನೀನು ಒಂದು ಸುಳ್ಳೇಳ್ದೆ. ನಾನು ಒಂದು ಸಲ ತೊಳ್ದೆ. ಸರಿಗೆ ಸರಿ ಆಯ್ತು ಅನ್ಕೊಳಾಣ.

ನಂಗೆ ಸಂಕಟ ಇರೋದು ಇನ್ನೊಂದಕ್ಕೆ. ನಂಗೆ ನನ್ನ ಎಸ್ರು ತಿದ್ದಿಸ್ತಾ ಕೂತಿದ್ದೆಯಲ್ಲ, ಆವಾಗ ನಿನ್ನೊಳಗೆ ಎಂಗಾಗಿರ್ಬೇಕು. ನಾನು ಕೇಳ್ಳೇ ಇಲ್ಲ. ಅಂಗೂ ನೀನು ಮೊದ್ಲ ದಿನವೇ ನಿಜ ಏಳಿದ್ರೆ ನಾನು ಜಡೆ ಆಕ್ತಿರಲಿಲ್ಲ, ಅದೂ ನಿಜವೇ. ಅಂಗಾಗಿ ನಿನ್ನ ಬೈಯೋಕೂ ಬಾಯಿ ಬರಕ್ಕಿಲ್ಲ.

ನಾನು ನಿಮ್ಮನೆ ಬಾಗ್ಲಿಗೆ ಬಂದ್ರೆ ನಿಮ್ಮವ್ವ ತೆಗೀತಾಳಾ? ಕೇಳಿ ಬರಿ.

ಇಂತಿ
ಚಿಕ್ಕಬೋರಮ್ಮ
ಧನುಶ್ರೀ


ಶ್ರೀರಂಗಪಟ್ಟಣ
25-9-1995

ಬೇಟಿ ಕಹಕಶಾನ್‌ಗೆ ಅಬ್ಬಾನ ದುವಾ.

ಆ ಅಜ್ಜಿ ಕೇಳಿದ್ದನ್ನ ನೀನು ಎರಡು ಸಲ ಬರೆದೆ, ನಾನು ಎರಡು ಸಲ ನಿಮ್ಮಮ್ಮಿಗೆ ಹೇಳಿದೆ. ಎರಡು ಸಲವೂ ಅವಳು ಎದ್ದು ಅಡುಗೆಮನೆಗೆ ಹೋದಳು. ಅದಕ್ಕೇ ನಿಂಗೆ ಜವಾಬು ಬರೀಲಿಲ್ಲ. ಈಗ ಬರೆಯೋದು ಬೇಕಾದಷ್ಟಿದೆ.

ನಿನ್ನೆ ಮಹಾಲಯ ಅಮಾವಾಸ್ಯೆ. ಹಿರಿಯರ ಕಾರ್ಯ ಮಾಡೋಕೆ ಊರೂರಿನ ಜನ ಬಂದು ಹೊಳೆ ಕಡೆ ಕಾಲಿಡೋಕೆ ಜಾಗ ಇರಲಿಲ್ಲ. ಭಾನುವಾರ, ನಾನು ಮನೇಲೇ ಇದ್ದೆ. ಹನ್ನೊಂದು ಗಂಟೆ ಇರಬೇಕು. ಒಂದು ಅಜ್ಜಿ ಕೈಯಲ್ಲಿ ಕಾಗದದ ಚೂರು ಹಿಡ್ಕೊಂಡು ನಮ್ಮ ಗಲ್ಲೀಲಿ ಬಾಗಿಲು ಬಾಗಿಲಿಗೂ ನಿಂತು ಕೇಳ್ತಾ ಬಂತು, 'ಮೇಷ್ಟ್ರು ಕೆಲಸಕ್ಕೆ ಓದೋ ಉಡುಗಿ ಮನೆ ಯಾವುದಪ್ಪ' ಅಂತ. ಶೋಯಬ್ ಕರ್ಕೊಂಡು ಬಂದ. ಹಿಂದೆ ಗಲ್ಲಿ ಮೂಲೇಲಿ ಒದ್ದೆ ಬಟ್ಟೆ ಚೀಲ ಹಿಡ್ಕೊಂಡು ಒಬ್ಬ ನಿಂತಿದ್ದ. ಕೆಂಪಣ್ಣ. ಅವನು ಮುಂದೆ ಬರಲಿಲ್ಲ.

ನೀನು ಕೆ.ಆರ್.ಪೇಟೇಲಿ ಇದ್ದೀಯ ಅಂದೆ. 'ಗೊತ್ತು ಕಣಪ್ಪ. ಅವಳು ಇಲ್ದಾಗಲೇ ಬರಬೇಕು ಅಂತ ಬಂದೆ' ಅಂತು. ಕುರ್ಚಿ ಹಾಕಿದೆ, ಕೂರಲಿಲ್ಲ, ಚಾಪೆ ಮೇಲೆ ಕೂತ್ಕೊಂಡ್ತು. ನಿಮ್ಮಮ್ಮಿ ಪರದೆ ಹಿಂದೆ ಹೋದವಳು ಬರಲೇ ಇಲ್ಲ. ನಾನು ಕರೆದೆ. ಇಲ್ಲ. ಎಷ್ಟೋ ಹೊತ್ತು ನಾವಿಬ್ಬರೂ ಗೋಡೆ ನೋಡ್ಕೊಂಡು ಕೂತಿದ್ವಿ.

ಆಮೇಲೆ ಅಜ್ಜಿ ಪರದೆ ಕಡೆ ತಿರುಗಿ ಮಾತಾಡ್ತು. 'ಅವ್ವ, ನಾನು ಜಗಳಕ್ಕೆ ಬಂದಿಲ್ಲ. ನಿನ್ನ ಮಗಳಿಗೆ ಅತ್ತು ದಿನ ಯಾರದೋ ಎಸ್ರಲ್ಲಿ ಅನ್ನ ಇಕ್ಕಿದ್ದೀನಿ. ಅವಳ ಎಸ್ರು ಏನು ಅಂತ ಎತ್ತೋಳ ಬಾಯಲ್ಲೇ ಕೇಳ್ಕೊಂಡು ಓಗಾಣ ಅಂತ ಬಂದೆ. ನೀನು ಒಳಗಿಂದಲೇ ಏಳಿದ್ರೂ ಆಯ್ತದೆ.'

ಪರದೆ ಅಲ್ಲಾಡ್ತು. ನಿಮ್ಮಮ್ಮಿ ಬಂದು ದೂರದಲ್ಲಿ ಕೂತಳು. ಅವಳಿಗೆ ಬರೋ ಅಷ್ಟಿಷ್ಟು ಕನ್ನಡದಲ್ಲಿ, 'ಕಹಕಶಾನ್' ಅಂದಳು. ಅಜ್ಜಿ 'ಕಾಕಸಾನಿ' ಅಂತು. 'ಅಲ್ಲ, ಕಹ, ಕ, ಶಾನ್' ಅಂದಳು ಅಮ್ಮಿ. 'ಕಅ...' ಅಂತು ಅಜ್ಜಿ. ನಾಲ್ಕೈದು ಸಲ ಆಯ್ತು. 'ನಿನ್ನ ಮಗಳು ನಂಗೆ ಒತ್ತಕ್ಷರ ಬರೋಗಂಟ ಬುಡಲಿಲ್ಲ, ನೀನೂ ಬುಡಬ್ಯಾಡ. ಆದ್ರೆ ನಮ್ಮೂರಲ್ಲಿ ಆವು ಕಚ್ಚಿದ್ರೂ ಆವು ಅಂತಲೇ ಅರಚೋದು, ಆ ಅಕ್ಷರ ನಮ್ಮ ಬಾಯಲ್ಲಿ ನಿಲ್ಲಕ್ಕಿಲ್ಲ ಕಣವ್ವ' ಅಂತು. ನಾನು ಅದನ್ನ ಉರ್ದೂಲಿ ಹೇಳಿದೆ. ನಿಮ್ಮಮ್ಮಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ನಗ್ತಾ ಇದ್ದಳು.

ಅರ್ಥ ಏನು ಅಂತ ಕೇಳ್ತು. ಅಮ್ಮಿ ಕೈ ಮೇಲೆತ್ತಿ ಈ ಕಡೆಯಿಂದ ಆ ಕಡೆಗೆ ಗೆರೆ ಎಳೆದು, 'ಆಸ್ಮಾನ್‌ದಾಗೆ ತಾರೆ... ಬಹುತ್ ತಾರೆ, ರಸ್ತೆ ಥರ' ಅಂದಳು. 'ಓ, ಅದಾ' ಅಂತು ಅಜ್ಜಿ. 'ಕಣದಲ್ಲಿ ರಾಗಿ ಕಾಯೋಕೆ ಮಲಗಿದ್ರೆ ಕಾಣ್ತದೆ. ಬೆಳ್ಳಗೆ ಅಕ್ಕಿ ಇಟ್ಟು ಚೆಲ್ಲಿದಂಗೆ.' ಅಮ್ಮಿಗೆ ಕಣ ಅಂದ್ರೆ ಗೊತ್ತಿಲ್ಲ, ಅಜ್ಜಿಗೆ ಆಸ್ಮಾನ್ ಅಂದ್ರೆ ಗೊತ್ತಿಲ್ಲ. ಇಬ್ಬರೂ ತಲೆ ಆಡಿಸಿದ್ರು. ನೀನು ಹುಟ್ಟಿದಾಗ ಎಷ್ಟು ದಿನ ನೋವು ತಿಂದೆ ಅಂತ ಅಮ್ಮಿ ಶುರು ಮಾಡಿದಳು, ಅಲ್ಲಿಗೆ ನಾನು ಎದ್ದು ಹೊರಗೆ ಬಂದೆ.

ಕೆಂಪಣ್ಣ ಅಲ್ಲೇ ನಿಂತಿದ್ದ. ಸ್ಟೂಲು ಹಾಕಿದೆ, ಕೂರಲಿಲ್ಲ. ನಾನೂ ಪಕ್ಕದಲ್ಲಿ ನಿಂತೆ. ಒದ್ದೆ ಚೀಲ ಕೈ ಬದಲಾಯಿಸ್ಕೊಂಡು, 'ನಿಮ್ಮ ಉಡುಗಿ ಕಾಗದ ನೆಂಟ್ರ ಮುಂದೆ ಕೇಳ್ಬೇಕಾಯ್ತು. ನಂಗೆ ತಲೆ ಎತ್ತಂಗಿರಲಿಲ್ಲ' ಅಂದ. 'ನನ್ನ ಮಗಳು ಹೆಸರು ಮುಚ್ಕೊಂಡು ಉಂಡಳು ಅಂತ ಓದಿದಾಗ ನಂಗೂ ಹಂಗೇ ಆಯ್ತು' ಅಂದೆ. ಅವನು ನನ್ನ ಮುಖ ನೋಡಿದ. ಆಮೇಲೆ ನಮ್ಮ ಮಾತು ಬೋರ್‌ವೆಲ್ಲು, ವೋಲ್ಟೇಜು, ವರ್ಷಕ್ಕೆ ಎರಡು ಸಲ ಸುಟ್ಟೋಗೋ ಮೋಟಾರು, ಇದರ ಮೇಲೇ ನಡೀತು. ಒಳಗೆ ಬಾ ಅಂದೆ. ಬರಲಿಲ್ಲ. ಬಲವಂತ ಮಾಡಲಿಲ್ಲ.

ನಾನು ವಾಪಸ್ ಒಳಗೆ ಹೋದಾಗ ಅಮ್ಮಿ ತಟ್ಟೇಲಿ ಶೀರಾ ತಂದು ಅಜ್ಜಿ ಮುಂದೆ ಇಟ್ಟಿದ್ದಳು. ತುಪ್ಪ ಹಾಕಿ, ಗೋಡಂಬಿ ಹಾಕಿ, ಈದ್‌ಗೆ ಮಾಡೋ ಹಂಗೆ. ಯಾವಾಗ ಮಾಡಿದಳೋ ಗೊತ್ತಿಲ್ಲ. ಪರದೆ ಹಿಂದೆ ಅಷ್ಟು ಹೊತ್ತು ಅದನ್ನೇ ಮಾಡ್ತಿದ್ದಳು ಅಂತ ಕಾಣ್ತದೆ. ಅಜ್ಜಿ ತಟ್ಟೆ ನೋಡ್ತು, ಮುಟ್ಟಲಿಲ್ಲ. ಅಮ್ಮಿ ಮುಖ ಸಣ್ಣದಾಯ್ತು.

'ಅವ್ವ, ನಿಂಗೆ ಸುಳ್ಳೇಳಕ್ಕಿಲ್ಲ' ಅಂತು ಅಜ್ಜಿ. 'ನೀನು ಏನಾದ್ರೂ ಕೊಟ್ಟೇ ಕೊಡ್ತೀಯ ಅಂತ ಗೊತ್ತಿತ್ತು. ಅದಕ್ಕೇ ಒಳೆ ದಂಡೇಲಿ ಒಟ್ಟೆ ಬಿರಿಯೋಂಗೆ ತಿಂದ್ಕಂಡೇ ಬಂದೆ. ಬ್ಯಾಡ ಅನ್ನಾಕೆ ಒಂದು ನೆಪ ಇರ್ಲಿ ಅಂತ. ಎಪ್ಪತ್ತು ವರ್ಸದ ಅಭ್ಯಾಸ, ಒಂದೇ ದಿನಕ್ಕೆ ಬುಡಕ್ಕಿಲ್ಲ.' ನೀರು ಕೇಳ್ತು. ಅಮ್ಮಿ ಸ್ಟೀಲ್ ಲೋಟದಲ್ಲಿ ಕೊಟ್ಟಳು. ಎತ್ತಿ ಹುಯ್ಕೊಳ್ಳಲಿಲ್ಲ, ಲೋಟ ಕಚ್ಚಿಯೇ ಕುಡೀತು, ಪೂರ್ತಿ. ಬಾಯಿ ಒರೆಸ್ಕೊಂಡು ಎದ್ದು, ನಿಮ್ಮಮ್ಮಿ ಗಲ್ಲ ಹಿಡಿದು,

'ಮುಂದಿನ ಸಲ ಅಸ್ಕೊಂಡು ಬತ್ತೀನಿ' ಅಂತು.

ಅಮ್ಮಿ ಬೀದಿ ತಿರುವಿನ ತಂಕ ಹೋಗಿ ಕಳಿಸಿ ಬಂದಳು. ನಿನ್ನೆಯಿಂದ ನನ್ನ ಕೇಳ್ತಾನೇ ಅವಳೆ, ಮುಂದಿನ ಸಲ ಅಂದ್ರೆ ಯಾವಾಗ, ದೀಪಾವಳಿಗಾ, ಆಮೇಲಾ, ಖಾರ ಎಷ್ಟು ತಿಂತಾರೆ ಅಂತ. ನಂಗೇನು ಗೊತ್ತು. ನೀನೇ ಬರೆದು ಕೇಳು.

ನಿನ್ನ ಅಬ್ಬಾ
ಶಫೀವುಲ್ಲಾ